ಎಲ್ಲರ ಕಣ್ಣೂ ಚೆಂಡಿನ ಮೇಲೆ

ಹುಲ್ಲಿನ ಮೇಲೆ ಒಂದು ಪುಟ್ಟ ಬಿಳಿ ಗುಂಡಿನ ಹತ್ತಿರಕ್ಕೆ ಚೆಂಡು ಉರುಳಿಸುವ ಲಾನ್ ಬೌಲ್ಸ್ ಆಟದ ವಿಷಯದಲ್ಲಿ ಮಾವ ಹಾಕಿದ ಗೆರೆಯನ್ನು ಸೊಸೆ ದಾಟುತ್ತಿರಲಿಲ್ಲ. ಬಸ್ ಓಡಿಸಿ ನಿವೃತ್ತರಾದ ಅವರು, ಈಜು ಕಲಿಸುವ ಸೊಸೆಯನ್ನು ಹಟ ಹಿಡಿದು ತಮ್ಮ ಜೋಡಿ ಮಾಡಿಕೊಂಡಿದ್ದರು.

“ಆ ಬಿಳಿ ಗುಂಡಿಗೇ ಗುರಿ ಇಡ್ಬೇಡಮ್ಮ,” ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. “ನಮ್ಮ ಚೆಂಡು ಒಂದು ಮಗ್ಗುಲಿಗೆ ವಾಲೋ ಹಾಗೇ ಮಾಡಿರ್ತಾರೆ. ದೂರಕ್ಕೆ ಬಿಡು, ತಾನೇ ತಿರುಗಿ ಬಂದು ಗುಂಡಿನ ಪಕ್ಕ ಕೂರುತ್ತೆ.”

ಚೆಂಡು ಉರುಳುವಾಗ ಯಾರೂ ತುಟಿಪಿಟಕ್ಕೆನ್ನಬಾರದು, ಅಲುಗಾಡಬಾರದು. ಎದುರಾಳಿ ಚೆನ್ನಾಗಿ ಆಡಿದರೆ ಮನಸಾರೆ ಚಪ್ಪಾಳೆ ತಟ್ಟಬೇಕು. ದಪ್ಪ ಬೂಟು ಹಾಕಿಕೊಂಡು ಹುಲ್ಲು ತುಳಿದವರಿಗೆ ಮಾತ್ರ ಮಾವ ಗ್ರಹಚಾರ ಬಿಡಿಸುತ್ತಿದ್ದರು.

ಫೈನಲ್ ದಿನ ಎದುರಿಗಿದ್ದವರು ಮಾಂಸದಂಗಡಿಯವನು ಮತ್ತು ಅವನ ತಂಗಿ. ಎರಡೂ ಕಡೆ ಸಮಸಮ. ಮಾವನ ಒಂದೇ ಚೆಂಡು ಉಳಿದಿತ್ತು. ತನ್ನ ಸರದಿ ಮುಗಿಸಿದ ಅಂಗಡಿಯವನೂ ನಡೆದು ಬಂದು ಗುಂಡಿನ ಹಿಂದೆ ಸೊಸೆಯ ಪಕ್ಕ ನಿಂತಿದ್ದ. ಆಚೆ ತುದಿಯಲ್ಲಿ, ಚೆಂಡು ಬಿಡುವವರು ನಿಲ್ಲುವ ಪುಟ್ಟ ಚಾಪೆಯ ಮೇಲೆ, ಮಾವ ಒಬ್ಬರೇ. ಮಂಡಿ ಬಗ್ಗಿಸಿ ಮೆಲ್ಲಗೆ ಚೆಂಡು ಬಿಟ್ಟರು.

ಅದು ಬಲಗಡೆ ಎಲ್ಲೋ ದಾರಿ ತಪ್ಪಿದಂತೆ ಹೋಯಿತು. ಆಮೇಲೆ ನಿಧಾನವಾಗಿ ವಾಲಿತು. ನೋಡುತ್ತಿದ್ದವರೆಲ್ಲ ಉಸಿರು ಬಿಗಿಹಿಡಿದರು. ಚೆಂಡು ಬಳುಕುತ್ತಾ ಬಂದು ಬಿಳಿ ಗುಂಡಿಗೆ ಕೆನ್ನೆ ತಾಗಿಸಿ ನಿಂತಿತು. ಚಪ್ಪಾಳೆಯೋ ಚಪ್ಪಾಳೆ. ಸೊಸೆ ನಗುತ್ತಾ ತಲೆಯೆತ್ತಿದಳು.

ಚಾಪೆಯ ಮೇಲೆ ಮಾವ ಮುಖ ಅಡಿಯಾಗಿ ಬಿದ್ದಿದ್ದರು.

ಒಂದು ಕ್ಷಣ ಅವಳಿಗೆ ಕಂಡದ್ದು ಅರ್ಥವೇ ಆಗಲಿಲ್ಲ. ಏನೋ ಹುಡುಕಲು ಬಗ್ಗಿರಬೇಕು ಅಂದುಕೊಂಡಳು. ಮರುಕ್ಷಣ ಓಡಿದಳು. ಅಂಗಾತ ಮಲಗಿಸಿ ನೋಡಿದರೆ ಉಸಿರಿಲ್ಲ, ತುಟಿ ನೀಲಿ. ಈಜುಕೊಳದಲ್ಲಿ ರಬ್ಬರಿನ ಗೊಂಬೆಯ ಮೇಲಷ್ಟೇ ಮಾಡಿ ಗೊತ್ತಿದ್ದದ್ದನ್ನು ಈಗ ಮಾವನ ಎದೆಯ ಮೇಲೆ ಮಾಡಬೇಕಾಯಿತು. ಎರಡೂ ಅಂಗೈ ಸೇರಿಸಿ ಒತ್ತುತ್ತಲೇ ಹೋದಳು. ಒಳಗೆ ಏನೋ ಲಟಕ್ಕೆಂದಿತು. ಕೈ ನಿಲ್ಲಿಸಲಿಲ್ಲ. ಆಂಬುಲೆನ್ಸಿನವರು ದಪ್ಪ ಬೂಟುಗಳಲ್ಲೇ ಹುಲ್ಲಿನ ಮೇಲೆ ಓಡಿ ಬಂದಾಗ ಯಾರೂ ಚಕಾರವೆತ್ತಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಜೀವಕ್ಕೇನೂ ಭಯವಿಲ್ಲ ಎಂದರು, ಪಕ್ಕೆಲುಬು ಮಾತ್ರ ಮುರಿದಿದೆಯಂತೆ. ಅತ್ತೆ ಸೊಸೆಯ ತಲೆ ನೇವರಿಸಿ, ಇಷ್ಟು ವರ್ಷದಲ್ಲಿ ಅವರ ಪಕ್ಕೆಲುಬು ಮುರೀಬೇಕು ಅಂತ ತನಗೂ ಎಷ್ಟೋ ಸಲ ಅನ್ನಿಸಿತ್ತು ಎಂದರು. ನಗಲು ಹೋಗಿ ಅತ್ತುಬಿಟ್ಟರು.

ಸೊಸೆಗೆ ಅಳುವೂ ಬರಲಿಲ್ಲ. ಮಾಂಸದಂಗಡಿಯವನು ಬಂದು ಪಕ್ಕದ ಬೆಂಚಿನಲ್ಲಿ ಕುಳಿತ.

“ಅವರು ಅಲ್ಲಿ ಬಿದ್ದಿದ್ರು,” ಎಂದ. “ನಾನು ಚಪ್ಪಾಳೆ ಹೊಡೀತಿದ್ದೆ.”

“ನಾನೂ ಹೊಡೀತಿದ್ದೆ ಅಣ್ಣ,” ಎಂದಳು ಅವಳು.

ನರ್ಸ್ ಬಂದು ಒಳಗೆ ಕರೆದಳು. ಮಾವ ಕಣ್ಣು ಬಿಟ್ಟಿದ್ದರು. ಸೊಸೆ ಹೊದಿಕೆಯ ಮೇಲಿಂದಲೇ ಅವರ ಪಾದ ಹಿಡಿದುಕೊಂಡು ನಿಂತಳು. ಅದು ಬೆಚ್ಚಗಿತ್ತು.