ಹೊಳೆಯೊಳಗಿನ ಕಲ್ಲು

ನನ್ನ ಬಾಯಿ ಕೆಟ್ಟದ್ದು. ನರಗುಂದದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಟ್ರ್ಯಾಕ್ಟರ್ ಕೆಟ್ಟಿತೆಂದು ಬಂದವರಿಗೆ ಮೊದಲು ಬೈಗುಳ, ಆಮೇಲೆ ರಿಪೇರಿ. ಆದರೂ ರೋಣ, ಗಜೇಂದ್ರಗಡದ ಕಡೆಯಿಂದಲೂ ಜನ ನನ್ನ ಗ್ಯಾರೇಜಿಗೇ ಬರುತ್ತಾರೆ. ಮಲಿಕಸಾಬ ಒಮ್ಮೆ ಕೈಯಿಟ್ಟ ಎಂಜಿನ್ ಮತ್ತೆ ತಕರಾರು ಮಾಡುವುದಿಲ್ಲ ಎಂಬ ಮಾತಿದೆ. ಆ ಮಾತನ್ನು ಹಬ್ಬಿಸಿದವನೂ ಹೆಚ್ಚುಕಡಿಮೆ ನಾನೇ.

ಮೂರು ವರ್ಷದ ಹಿಂದೆ ಕೊಣ್ಣೂರಿನವರು ತಮ್ಮ ದೋಣಿಯ ಎಂಜಿನ್ನನ್ನು ನನ್ನಲ್ಲಿಗೆ ತಂದರು. ಮಲಪ್ರಭೆ ತುಂಬಿ ಸೇತುವೆ ಮುಳುಗಿದಾಗ ಆಚೆಯ ತೋಟದ ಮನೆಗಳವರು ಸಿಕ್ಕಿಬೀಳುತ್ತಾರೆಂದು ಊರವರು ವಂತಿಗೆ ಎತ್ತಿ ಕಾರವಾರದ ಕಡೆಯಿಂದ ತಂದಿದ್ದ ಹಳೆಯ ಮೋಟಾರ್ ದೋಣಿ ಅದು. ಎಂಜಿನ್ ದೋಣಿಯ ಹಿಂಬದಿಗೆ ತೂಗುತ್ತದೆ. ಅದರ ಗೇರ್ ಬಾಕ್ಸೂ ನೀರನ್ನು ಹಿಂದಕ್ಕೆ ತಳ್ಳುವ ಫ್ಯಾನೂ ನೀರಿನೊಳಗೆ ಮುಳುಗಿರುತ್ತವೆ. ಆ ಗೇರ್ ಬಾಕ್ಸಿನಿಂದ ಎಣ್ಣೆ ಸೋರುತ್ತಿತ್ತು. ನಾನು ಅಲ್ಲಿಯವರೆಗೆ ದೋಣಿಯ ಎಂಜಿನ್ ಮುಟ್ಟಿದವನಲ್ಲ. ಗೊತ್ತಿಲ್ಲ ಎಂದು ಹೇಳಿ ರೂಢಿಯಿದ್ದವನೂ ಅಲ್ಲ.

ಬಿಚ್ಚಿದೆ. ಫ್ಯಾನಿನ ಶಾಫ್ಟಿಗೆ ಒಂದರ ಹಿಂದೊಂದು ಎರಡು ರಬ್ಬರ್ ಸೀಲುಗಳಿದ್ದವು. ಸೀಲಿನ ತುಟಿ, ಅಂದರೆ ಶಾಫ್ಟನ್ನು ಅಪ್ಪಿ ಹಿಡಿಯುವ ಅಂಚು, ಎಣ್ಣೆಯ ಕಡೆ ಇದ್ದರೆ ಎಣ್ಣೆ ಹೊರಗೆ ಬರುವುದಿಲ್ಲ, ಇದು ಟ್ರ್ಯಾಕ್ಟರ್ ಕೆಲಸದ ಮೊದಲ ಪಾಠ. ಇಲ್ಲಿ ಒಂದರ ತುಟಿ ಒಳಗಿತ್ತು, ಇನ್ನೊಂದರದು ಹೊರಗೆ. ಬಿದ್ದು ಬಿದ್ದು ನಕ್ಕೆ. “ಯಾವ ಹುಚ್ಚಪ್ಪ ಹಾಕ್ಯಾನೋ ಇದನ್ನ! ಒಂದ ಸೀಲ ಉಲ್ಟಾ ಕುಂತೈತಿ ನೋಡ್ರಿ,” ಎಂದು ಕೊಣ್ಣೂರಿನವರಿಗೆ ತೋರಿಸಿದೆ. ಅವರೂ ನಕ್ಕರು. ಎರಡು ಹೊಸ ಸೀಲು ತಂದು ಎರಡನ್ನೂ ಒಳಮುಖ ಮಾಡಿ ಕೂರಿಸಿದೆ. ಒಂದು ಹನಿ ಎಣ್ಣೆ ಸೋರಲಿಲ್ಲ.

ಎಂಜಿನ್ ಕಟ್ಟಲು ನಾನೇ ಕೊಣ್ಣೂರಿಗೆ ಹೋಗಿದ್ದೆ. ದೋಣಿ ನಡೆಸುವ ನಿಂಗಪ್ಪ ನನ್ನನ್ನು ಕೂರಿಸಿಕೊಂಡು ಹೊಳೆಯಲ್ಲಿ ಎರಡು ಸುತ್ತು ಹಾಕಿದ. ಅವನ ಅಕ್ಕ ಕಳಕವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು. ನನ್ನನ್ನು ಮನೆಗೆ ಕರೆದು, ಕೈಗೆ ನೀರು ಕೊಟ್ಟು, “ಕೈ ತೊಳಕೊಳ್ರಿ ಅಣ್ಣಾ, ಉಣ್ಣದ ಹೊಕ್ಕೀನಂದ್ರ ಬಿಡಂಗಿಲ್ಲ,” ಎಂದಳು. ಅವಳ ರೊಟ್ಟಿ ಹಾಳೆಯಷ್ಟು ತೆಳುವಾಗಿದ್ದವು. ನಾಲ್ಕು ತಿಂದೆ, ಐದನೆಯದನ್ನು ಅವಳೇ ಬಲವಂತವಾಗಿ ಹಾಕಿದಳು.

ಮರುವರ್ಷ ಹೊಳೆ ಬಂತು. ಆಚೆಯ ತೋಟದಲ್ಲಿ ಸಿಕ್ಕಿಕೊಂಡಿದ್ದ ಕಳಕವ್ವನನ್ನೂ ಇನ್ನು ಮೂವರನ್ನೂ ನಿಂಗಪ್ಪ ಕರೆತರುತ್ತಿದ್ದಾಗ ನಡುನೀರಿನಲ್ಲಿ ಗೇರ್ ಹಿಡಿದುಕೊಂಡು ಎಂಜಿನ್ ನಿಂತಿತು. ಸೆಳವಿಗೆ ಸಿಕ್ಕ ದೋಣಿ ದಂಡೆಯ ಪಂಪ್‌ಹೌಸಿನ ಗೋಡೆಗೆ ಅಪ್ಪಳಿಸಿತು. ಜೀವ ಯಾರದೂ ಹೋಗಲಿಲ್ಲ. ಆದರೆ ದೋಣಿಯ ಅಂಚು ಹಿಡಿದಿದ್ದ ಕಳಕವ್ವನ ಬಲಗೈ ಗೋಡೆಗೂ ದೋಣಿಗೂ ನಡುವೆ ಸಿಕ್ಕಿ ಮೂರು ಬೆರಳು ಹೋದವು.

ದೋಣಿಯ ಉಸ್ತುವಾರಿ ನೋಡುವ ಹಿರಿಯರು ಮಲ್ಲೇಶಪ್ಪನವರು. ಮರುದಿನ ಫೋನು ಮಾಡಿದರು.

“ಮಲಿಕಸಾಬ್ರ, ಎಂಜಿನ್ ಯಾಕ ನಿಂತಿರಬೇಕ್ರಿ?”

ಹೋಗಿ ನೋಡುತ್ತೇನೆ ಅನ್ನಬಹುದಿತ್ತು. ನರಗುಂದದಿಂದ ಕೊಣ್ಣೂರೇನು ದೂರವೇ? ನನ್ನ ಕೆಲಸದ ಮೇಲೆ ಅನುಮಾನವೇ ಎಂದು ಸಿಟ್ಟು ನೆತ್ತಿಗೇರಿತು. “ನಡಸಾಕ ಬರಬೇಕಲ್ರಿ! ನೀರಾಗಿನ ಕಲ್ಲಿಗೆ ಹೊಡದಿರತಾನ ಆ ನಿಂಗ್ಯಾ. ಕುಣಿಯಾಕ ಬಾರದಾಕಿ ನೆಲ ಡೊಂಕ ಅಂದಂಗ, ಎಂಜಿನ್ ಮ್ಯಾಲ ಯಾಕ ಹಾಕ್ತೀರಿ?” ಎಂದೆ. ಫೋನಿಟ್ಟು ಚಹಾ ಕುಡಿದೆ. ಆ ಚಹಾದ ರುಚಿಯೂ ನನಗೆ ನೆನಪಿದೆ, ಚಲೋ ಇತ್ತು.

ಆಮೇಲೆ ಎರಡು ವರ್ಷ ನದಿ ಸುಮ್ಮನಿತ್ತು. ಎಂಜಿನ್ ಕೊಣ್ಣೂರಿನಲ್ಲಿ ಗೋಣಿಚೀಲ ಹೊದ್ದು ಬಿದ್ದಿತ್ತು. ಈ ಸಲ ಮುಂಗಾರಿಗೆ ಮೊದಲು ರಿಪೇರಿ ಮಾಡಿಸಿಬಿಡೋಣವೆಂದು ಊರವರು ಟಂಟಂ ಗಾಡಿಯಲ್ಲಿ ಕಳಿಸಿದರು. ಜೊತೆಗೆ ಬಂದವನು ನಿಂಗಪ್ಪ. ದೋಣಿಯನ್ನು ಇನ್ನು ಬೇರೆಯವರು ನಡೆಸುತ್ತಾರಂತೆ. ಹೊರುವ ಕೆಲಸ ಮಾತ್ರ ಅವನದು.

ಅವನು ಚಹಾ ತರಲು ಹೋದಾಗ ಗೇರ್ ಬಾಕ್ಸಿನ ಬಿರಡೆ ಬಿಚ್ಚಿದೆ. ಎಣ್ಣೆಯ ಬದಲು ಹಾಲು ಹೆಚ್ಚಾದ ಚಹಾದಂಥದ್ದು ಇಳಿಯಿತು. ನೀರು ಬೆರೆತ ಎಣ್ಣೆ. ಒಳಗೆ ಬೇರಿಂಗುಗಳು ತುಕ್ಕು ಹಿಡಿದು ಪುಡಿಯಾಗಿದ್ದವು. ಫ್ಯಾನು ನೋಡಿದೆ. ಕಲ್ಲಿಗೆ ಹೊಡೆದಿದ್ದರೆ ಅದರ ಎಲೆ ಮುಕ್ಕಾಗಬೇಕು. ಒಂದು ಗೀರೂ ಇರಲಿಲ್ಲ. ಸೀಲುಗಳನ್ನು ಕಿತ್ತೆ. ನಾನು ಕೂರಿಸಿದ ಹಾಗೇ ಇದ್ದವು, ಎರಡರ ತುಟಿಯೂ ಒಳಗೆ.

ಆಗ ಹೊಳೆಯಿತು. ನಮ್ಮ ಹೊಲದ ಟ್ರ್ಯಾಕ್ಟರಿಗೆ ಇರುವುದು ಒಂದೇ ಭಯ, ಎಣ್ಣೆ ಹೊರಗೆ ಹೋಗಬಾರದು. ದೋಣಿಗೆ ಎರಡು ಭಯ. ಎಣ್ಣೆ ಹೊರಗೆ ಹೋಗಬಾರದು, ಹೊಳೆ ಒಳಗೆ ಬರಬಾರದು. ಹೊರಮುಖದ ಸೀಲು ನೀರನ್ನು ತಡೆಯಲು ಇದ್ದದ್ದು. ಹುಚ್ಚಪ್ಪನೆಂದು ನಾನು ನಕ್ಕ ಆ ಕಾರವಾರದವನು ಸರಿಯಾಗಿಯೇ ಹಾಕಿದ್ದ. ಬಾಗಿಲು ತೆಗೆದು ನೀರನ್ನು ಒಳಗೆ ಕರೆದವನು ನಾನು.

ನಿಂಗಪ್ಪನ ಹೆಜ್ಜೆ ಕೇಳಿಸಿದ ಕೂಡಲೇ ಸೀಲುಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಹೌದು, ಹಾಕಿಕೊಂಡೆ. ಅರವತ್ತರ ಹತ್ತಿರದ ಮನುಷ್ಯ, ಐದು ಹೊತ್ತು ನಮಾಜು ಮಾಡುವವನು, ಕಳ್ಳನ ಹಾಗೆ. ಹೊಸ ಸೀಲು, ಹೊಸ ಬೇರಿಂಗು ಹಾಕಿ ಮುಚ್ಚಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು.

ನಿಂಗಪ್ಪ ಚಹಾ ಕೊಟ್ಟು ಎದುರಿಗೆ ಕುಕ್ಕರಗಾಲಲ್ಲಿ ಕುಳಿತ. “ನಿಮ್ಮ ರಿಪೇರಿ ಚಲೋ ಇತ್ರಿ ಮಲಿಕಸಾಬ್ರ. ನಾನ ಕೆಡಿಸಿದ್ನಿ.”

ನಾನು ಪಾನಾ ಎತ್ತಿಕೊಂಡು ಒರೆಸತೊಡಗಿದೆ.

“ಟಣ್ ಅಂತ ಸಪ್ಪಳಾತ್ರಿ ಕಲ್ಲಿಗೆ ಹೊಡದಾಗ. ಮೊದಲ ನೆನಪ ಇರಲಿಲ್ಲ. ನೀವು ಅಂದ್ರಿ ಅಂತ ಮಲ್ಲೇಶಪ್ಪಾರು ಹೇಳಿದ ಮ್ಯಾಲ ನೆನಪಾತು. ಈಗಂತೂ ಕಣ್ಣ ಮುಚ್ಚಿದ್ರ ಅದ ಸಪ್ಪಳ.” ಅಂಗೈ ಚಾಚಿದ. ಕಲ್ಲಿನ ಹಾಗೆ ದಡ್ಡುಗಟ್ಟಿತ್ತು. “ಹೋದ ಬ್ಯಾಸಗಿ ಹೊಳಿ ಬತ್ತಿದಾಗ ಹುಡುಕಿದ್ನಿರಿ ಆ ಕಲ್ಲ. ಸಿಕ್ಕತು. ಎಂಟ ದಿನ ಸುತ್ತಿಗಿ ಹಿಡದ ಒಬ್ಬನ ಒಡದ್ನಿ. ಇನ್ನ ಯಾರ ದೋಣಿಗೂ ಹತ್ತೂದಿಲ್ಲ. ಅಕ್ಕಗ ಹೇಳಾಕ ಹೋಗಿದ್ನಿ, ಆಕಿ ಬಾಗಲಾ ಹಾಕ್ಕೊಂಡ್ಲು. ಎರಡ ವರ್ಷಾತು ಆಕಿ ನನ್ನ ಜೋಡಿ ಮಾತ ಬಿಟ್ಟು. ಮೆಲ್ಲಕ ನಡಸೋ ತಮ್ಮಾ ಅಂತ ಅವತ್ತ ಹತ್ತ ಸಲ ಅಂದಿದ್ಲು.”

ನನಗೆ ನಾಚಿಕೆಯಾಯಿತು. ನಾಚಿಕೆ ಅನ್ನುವುದು ಸಣ್ಣ ಮಾತು. ನನ್ನ ಬಾಯಿಗೆ ನಾನೇ ಮಣ್ಣು ತುಂಬಿಕೊಳ್ಳಬೇಕು ಅನ್ನಿಸಿತು. ಇಲ್ಲದ ಕಲ್ಲೊಂದನ್ನು ಫೋನಿನಲ್ಲಿ ಹೊಳೆಗೆ ಎಸೆದಿದ್ದೆ. ಈ ಮನುಷ್ಯ ಅದನ್ನು ಹುಡುಕಿ, ಎಂಟು ದಿನ ಬಿಸಿಲಲ್ಲಿ ನಿಂತು ಒಡೆದಿದ್ದ.

ಜೇಬಿನಿಂದ ಸೀಲುಗಳನ್ನು ತೆಗೆದು ಅವನ ಅಂಗೈ ಮೇಲಿಟ್ಟೆ. ಎಲ್ಲವನ್ನೂ ಹೇಳಿದೆ. ಯಾವುದು ಎತ್ತ ಮುಖ ಇರಬೇಕಿತ್ತು, ನಾನು ಎತ್ತ ಹಾಕಿದೆ, ಹೊಳೆ ಹೇಗೆ ಒಳಗೆ ಬಂತು. ಫ್ಯಾನಿನ ಎಲೆಗಳ ಮೇಲೆ ಅವನ ಬೆರಳು ಹಿಡಿದು ಆಡಿಸಿದೆ.

ಬಹಳ ಹೊತ್ತು ಅವನು ಆ ಎಲೆಗಳನ್ನೇ ಸವರುತ್ತಿದ್ದ. “ಮತ್ತ ನಾ ಒಡದ ಕಲ್ಲ?” ಎಂದ.

“ಅದು ಬರೇ ಕಲ್ಲು, ನಿಂಗಪ್ಪಾ. ನಿನಗ ಹತ್ತಿದ್ದಲ್ಲ.”

ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದು ಕಾದೆ. ಅವನು ಎದ್ದು ಟವೆಲ್ ಝಾಡಿಸಿದ. “ನಡ್ರಿ. ಈ ಮಾತ ನಮ್ಮ ಅಕ್ಕನ ಮುಂದ ಹೇಳ್ರಿ.”

ದಾರಿಯಲ್ಲೇ ಮಲ್ಲೇಶಪ್ಪನವರಿಗೆ ಫೋನು ಮಾಡಿ ಹೇಳಿದೆ. ಅವರು, “ನಿಂಗಪ್ಪಗ ಕೊಡ್ರಿ ಫೋನ,” ಎಂದರು. ಮುಂಗಾರಿಗೆ ದೋಣಿ ನೀನೇ ಹಿಡಿ ಎಂದದ್ದು ನನಗೂ ಕೇಳಿಸಿತು.

ಕಳಕವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಎಡಗೈಯಲ್ಲಿ. ರೊಟ್ಟಿ ಒಂದು ಮಗ್ಗುಲು ದಪ್ಪವಾಗುತ್ತಿತ್ತು. ತಿರುಗಿಸಿ ಮತ್ತೆ ಬಡಿಯುತ್ತಿದ್ದಳು. ತಮ್ಮನನ್ನು ಬಾಗಿಲಲ್ಲಿ ಕಂಡು ಮುಖ ತಿರುಗಿಸಿದಳು. ನಾನು ಹೊಸ್ತಿಲಾಚೆ ನಿಂತೇ ಹೇಳಿದೆ. ಸಾಣೆ ಹಿಡಿದ ನನ್ನ ನಾಲಗೆ ಅಂದು ನಾಲ್ಕು ಮಾತಿಗೆ ನಲವತ್ತು ಸಲ ಎಡವಿತು. “ತಪ್ಪ ನಂದು, ಕಳಕವ್ವಾ. ಸೀಲ ಹಾಕಿದ್ದೂ ನಾ, ಕಲ್ಲಿನ ಸುಳ್ಳ ಹೇಳಿದ್ದೂ ನಾ.”

ಹಂಚಿನ ಮೇಲಿನ ರೊಟ್ಟಿ ಹೊತ್ತತೊಡಗಿತು.

“ಬೆರಳ ಹೋದ್ವು, ಹೋಗ್ಲಿ. ಕೆಲಸದಾಗ ತಪ್ಪ ಯಾರಿಗಿಲ್ರಿ?” ಎಂದಳು. ದನಿ ಮೆಲ್ಲಗೇ ಇತ್ತು. “ಎರಡ ವರ್ಷ ನನ್ನ ತಮ್ಮ ಈ ಬಾಗಲಕ್ಕ ಬಂದ ಬಂದ ಹೊಳ್ಳಿ ಹೋಗ್ಯಾನ. ಅವನ ಮಾರಿ ಸೈತ ನೋಡಿಲ್ಲ ನಾ. ಆ ಎರಡ ವರ್ಷ ಯಾರ ಕೊಡ್ತಾರ್ರಿ?”

ಅವಳು ಕರಕಾದ ರೊಟ್ಟಿ ತೆಗೆದು ಬದಿಗಿಟ್ಟಳು, ಇನ್ನೊಂದನ್ನು ಹಂಚಿಗೆ ಹಾಕಿದಳು. ಎರಡೇ ಬೆರಳಿನ ಬಲಗೈಯಲ್ಲಿ ತಂಬಿಗೆಯನ್ನು ಎದೆಗೆ ಒತ್ತಿ ಹಿಡಿದು ತಂದಳು.

“ಕೈ ತೊಳಕೋ ತಮ್ಮಾ,” ಎಂದಳು. ನಿಂಗಪ್ಪ ಅಳುತ್ತಲೇ ಕೈ ಚಾಚಿದ.

ಒಂದೇ ತಾಟು ಹಾಕಿದಳು. ನಾನು ಇನ್ನೂ ಹೊಸ್ತಿಲಾಚೆಯೇ ನಿಂತಿದ್ದೆ. ನನಗೆ ಕೈ ತೊಳಕೊಳ್ಳಿ ಅನ್ನಲಿಲ್ಲ.