ಹೆಲ್ಮೆಟ್ ಇತ್ತು, ಕಾಲಿಗೇನಿತ್ತು?

ದ್ವೀಪದ ಅಂಚಿನ ದೊಂಗ್‌ಗಾಂಗ್ ಬಂದರಿನಲ್ಲಿ ಮೂರು ರಸ್ತೆ ಕೂಡುವ ಕಡೆ ಸದಾ ಮರಳು ಬಿದ್ದಿರುತ್ತದೆ. ಲಾರಿಗಳು ಚೆಲ್ಲಿಕೊಂಡು ಹೋಗುತ್ತವೆ, ಗುಡಿಸುವವರಿಲ್ಲ. ಆ ಮಂಗಳವಾರ ಬೆಳಿಗ್ಗೆ ಪೇ-ರೋಂಗ್ ಎಂಬ ಹುಡುಗಿಯ ಸ್ಕೂಟರ್ ಜಾರಿದ್ದು ಅಲ್ಲೇ, ಅವಳ ಮನೆಯಿಂದ ಕೂಗಳತೆಯಲ್ಲಿ. ಜೋರಾಗೇನೂ ಹೋಗುತ್ತಿರಲಿಲ್ಲ. ನಾಯಿ ಅಡ್ಡ ಬಂತು, ಬ್ರೇಕ್ ಹಿಡಿದಳು, ಹಿಂದಿನ ಚಕ್ರ ಜಾರಿತು. ಹೆಲ್ಮೆಟ್ ತಲೆಯನ್ನು ಉಳಿಸಿತು. ತೊಡೆಯಿಂದ ಮೊಣಕಾಲಿನವರೆಗಿನ ಚರ್ಮ ಮಾತ್ರ ರಸ್ತೆಯಲ್ಲೇ ಉಳಿಯಿತು.

ಪೇ-ರೋಂಗಳದು ಮನೆಮನೆ ಸುತ್ತುವ ಕೆಲಸ. ಹಾಸಿಗೆ ಹಿಡಿದ ಮುದುಕರಿಗೆ ಸ್ನಾನ ಮಾಡಿಸಿ, ಗಂಜಿ ಕುಡಿಸಿ, ಮುಂದಿನ ಮನೆಗೆ ಓಡಬೇಕು. ಸ್ಕೂಟರ್ ಬಿಟ್ಟರೆ ಕೆಲಸವೇ ಇಲ್ಲ. ಸಂಸ್ಥೆಯವರು ಕೊಟ್ಟ ಸಮವಸ್ತ್ರವೆಂದರೆ ಉಳ್ಳಾಗಡ್ಡಿ ಸಿಪ್ಪೆಯಂಥ ತೆಳ್ಳನೆಯ ಹಸಿರು ಪ್ಯಾಂಟು.

ಆಸ್ಪತ್ರೆಯಲ್ಲಿ ನರ್ಸ್ ಗಾಯದೊಳಗೆ ಹೊಕ್ಕ ಮರಳನ್ನು ಬ್ರಷ್‌ನಿಂದ ಉಜ್ಜಿ ತೆಗೆಯುತ್ತಿದ್ದಳು. ಪೇ-ರೋಂಗ್ ಟವೆಲ್ ಕಚ್ಚಿಕೊಂಡು ನರಳುತ್ತಿದ್ದಳು. ತಾಯಿ ಬೀ-ಶಿಯಾ ಅವಳ ಕೈ ಹಿಡಿದು ಕೂತಿದ್ದಳು. ಮೀನು ಮಾರುಕಟ್ಟೆಯಲ್ಲಿ ದಿನವಿಡೀ ಕತ್ತಿ ಹಿಡಿಯುವ ಹೆಂಗಸು, ರಕ್ತ ಕಂಡು ಹೆದರುವವಳಲ್ಲ.

"ತಲೆ ಉಳೀತಲ್ಲ, ಪುಣ್ಯ ಅನ್ಕೊಳ್ಳಿ ಅಮ್ಮ" ಅಂದಳು ನರ್ಸ್.

"ಏನು ಪುಣ್ಯ? ಹೆಲ್ಮೆಟ್ ಇಲ್ದಿದ್ರೆ ಪೊಲೀಸ್ನೋರು ದಂಡ ಹಾಕ್ತಾರೆ. ಕಾಲು ಬರಿದಾಗಿದ್ರೆ ಕೇಳೋರಿಲ್ಲ. ತಲೆಗೊಂದು ಕಾನೂನು, ಕಾಲಿಗೆ ದೇವರೇ ಗತಿಯಾ?" ಎಂದು ಬೀ-ಶಿಯಾ ಗುಡುಗಿದಳು. ಪಕ್ಕದ ಹಾಸಿಗೆಯವನು ಎದ್ದು ಕೂತ.

ಮನೆಗೆ ಬಂದರೆ ಅಕ್ಕಪಕ್ಕದವರ ಬಾಯಿ ಬೇರೆ. ಮದುವೆ ಆಗಬೇಕಾದ ಹುಡುಗಿಗೆ ಇದೆಂಥಾ ಅಲೆದಾಟ ಎಂದವರೂ ಇದ್ದರು. ಬೀ-ಶಿಯಾ ಅವರಿಗೆಲ್ಲ ಚಹಾ ಕೊಡದೆಯೇ ಬಾಗಿಲು ತೋರಿಸಿದಳು.

ಸಂಜೆ ನಾದಿನಿ ಯೂ-ಮೇ ಬಂದಳು. ಬೈಕಿನಲ್ಲಿ ದ್ವೀಪವನ್ನೇ ಸುತ್ತುವ ಹೆಂಗಸು. ಇಡೀ ಬೀದಿಗೆ ಅವಳೊಂದು ತಮಾಷೆ. ಚೀಲದಿಂದ ಬೈಕ್ ಸವಾರಿಗೆಂದೇ ಮಾಡಿದ ಒಂದು ಹಳೇ ಜೀನ್ಸ್ ತೆಗೆದು ಮೇಜಿನ ಮೇಲೆ ಹಾಕಿದಳು.

"ಅತ್ತಿಗೆ, ಹೋದ ಚಳಿಗಾಲ ಬೆಟ್ಟದ ತಿರುವಲ್ಲಿ ನಾನೂ ಬಿದ್ದೆ. ಇವಳಿಗಿಂತ ಜೋರಾಗಿ. ಆವಾಗ ಹಾಕ್ಕೊಂಡಿದ್ದು ಇದೇ. ನನ್ನ ಕಾಲು ನೋಡಿ."

ಒಂದು ಕಡೆ ಮಾಸಿದ ಸಣ್ಣ ಕಲೆ ಬಿಟ್ಟರೆ ಏನೂ ಇರಲಿಲ್ಲ.

ಬೀ-ಶಿಯಾಳ ಗಂಡ ಛಿಂಗ್-ಶುಯಿ ದೋಣಿ ಕಟ್ಟುವ ಬಡಗಿ. ಮೀನಿನ ಗಂಜಿ ಉಣ್ಣುತ್ತಲೇ ನಕ್ಕ. "ಪ್ಯಾಂಟ್ ಅಂದ್ರೆ ಪ್ಯಾಂಟು ಕಣೇ. ಜೀನ್ಸ್ ನಂಗೂ ಇದೆ, ದಪ್ಪಗೇ ಇದೆ. ಹೆಸರು ಬದಲಾಯಿಸಿ ದುಬಾರಿಗೆ ಮಾರ್ತಾರೆ, ನಿನ್ನಂಥೋರು ತಗೋತಾರೆ."

"ಅಣ್ಣ, ನಿನ್ ಜೀನ್ಸ್ ಕೊಡು. ಉಪ್ಪುಕಾಗದದ ಮಿಷನ್ ಆನ್ ಮಾಡು. ಆಮೇಲೆ ನಗು."

ಮನೆ ಹಿಂದಿನ ಕೊಟ್ಟಿಗೆಯಲ್ಲಿ ಒರಟು ಉಪ್ಪುಕಾಗದದ ಪಟ್ಟಿ ತಿರುಗಿಸಿ ಹಲಗೆ ನುಣುಪು ಮಾಡುವ ಮಿಷನ್ ಇತ್ತು. ಛಿಂಗ್-ಶುಯಿ ಮೊದಲು ಮಗಳ ಹರಿದ ಸಮವಸ್ತ್ರದ ತುಂಡನ್ನು ಮರದ ತುಂಡಿಗೆ ಸುತ್ತಿ ತಿರುಗುವ ಪಟ್ಟಿಗೆ ಒತ್ತಿದ. ಒತ್ತಿದ್ದಷ್ಟೇ, ಅಂಚು ಬಿಟ್ಟು ಬಟ್ಟೆ ಕಾಣೆಯಾಯಿತು. ತನ್ನ ಜೀನ್ಸಿನ ತುಂಡು ಒತ್ತಿದ. ಉಸಿರು ಬಿಡುವಷ್ಟರಲ್ಲಿ ಅದೂ ತೂತು, ಒಳಗಿನ ಮರಕ್ಕೆ ಗೀರು. ಯೂ-ಮೇಯ ಜೀನ್ಸಿನ ತುಂಡು ಒತ್ತಿದ. ಹೊರಗಿನ ನೀಲಿ ಬಣ್ಣ ಹೋಗಿ ಒಳಗಿಂದ ಹಳದಿ ನೂಲಿನ ನೇಯ್ಗೆ ಕಂಡಿತು. ಅವನು ಒತ್ತಿದ, ಇನ್ನೂ ಒತ್ತಿದ. ನೂಲು ಕೂದಲೆದ್ದು ಜೂಲಾಯಿತೇ ಹೊರತು ಹರಿಯಲಿಲ್ಲ.

ಛಿಂಗ್-ಶುಯಿ ಮಿಷನ್ ನಿಲ್ಲಿಸಿದ. ಗೀರು ಬಿದ್ದ ಮರದ ಮೇಲೆ ಬೆರಳಾಡಿಸಿದ. "ಇದು ನನ್ ಮಗಳ ತೊಡೆ" ಎಂದ.

"ಒಳಗಿರೋದು ಬೆಂಕಿ ಆರಿಸೋರ ಬಟ್ಟೆಗೆ ಹಾಕೋ ಥರದ ನೂಲು" ಎಂದಳು ಯೂ-ಮೇ. "ಮೊಣಕಾಲಿಗೆ, ಸೊಂಟದ ಪಕ್ಕಕ್ಕೆ ಮೆತ್ತೆ ಇರುತ್ತೆ, ಪೆಟ್ಟು ತಡೆಯೋಕೆ. ನಿಂತು ನೋಡಿ ತಗೋಬಾರ್ದು. ಗಾಡಿ ಮೇಲೆ ಕೂತ ಹಾಗೆ ಕೂತು ನೋಡ್ಬೇಕು, ಮೆತ್ತೆ ಮಂಡಿ ಮೇಲೇ ನಿಲ್ಲತ್ತಾ ಅಂತ. ಲೊಳಲೊಳ ಇದ್ರೆ ಬಿದ್ದಾಗ ಜರುಗಿ ಹೋಗುತ್ತೆ. ಒಳಗಿನ ಚೀಟಿ ಓದ್ಬೇಕು. ಒಂದು ಎ ಅಂದ್ರೆ ಕಮ್ಮಿ, ಎರಡು ಎ ಅಂದ್ರೆ ಮೇಲು, ಮೂರು ಎ ಇದ್ರೆ ಎಲ್ಲಕ್ಕಿಂತ ಗಟ್ಟಿ. ಚೀಟಿನೇ ಇಲ್ದಿದ್ರೆ ಅಂಗಡಿಯವನ ಮಾತು ನಂಬಬೇಡಿ."

"ಸೆಕೆಗೆ ಬೆಂದು ಹೋಗ್ತೀನಿ ಅತ್ತೆ" ಎಂದಳು ಒಳಗಿಂದ ಪೇ-ರೋಂಗ್.

"ಬೆವರು ಒರೆಸ್ಕೋಬಹುದು ಕಣೇ. ಚರ್ಮ ಹೊಲಿಸ್ಕೋತೀಯಾ? ಸೆಕೆಗಾಲಕ್ಕೆ ಹಗುರಾದ್ದೂ ಸಿಗುತ್ತೆ, ಹುಡುಕ್ಬೇಕು."

ಮರುವಾರ ಬೀ-ಶಿಯಾ ಆ ಮೂರು ತುಂಡು ಬಟ್ಟೆ ಹಿಡಿದು, ಗಾಡಿ ಓಡಿಸುವವರಿಗೆ ಇಂಥ ಗಟ್ಟಿ ಜೀನ್ಸ್ ಕೊಡಿಸಿ ಎಂದು ಕೇಳಲು ಮಗಳ ಸಂಸ್ಥೆಗೆ ಹೋದಳು. ಮ್ಯಾನೇಜರ್ ಖೋ ಮೇಡಂ ಎಸಿ ಕೋಣೆಯಲ್ಲಿ ಕೂತಿದ್ದರು. ಅವರು ಓಡಾಡುವುದು ಕಾರಿನಲ್ಲಿ.

"ಸಮವಸ್ತ್ರ ಅನ್ನೋದು ಸಂಸ್ಥೆ ಗೌರವ ಅಮ್ಮ. ಒಬ್ಬೊಬ್ಬರು ಒಂದೊಂದು ಹಾಕ್ಕೊಂಡ್ರೆ ಆ ಮುದುಕರ ಮನೆಯವರು ಏನನ್ಕೋತಾರೆ? ಹುಷಾರಾಗಿ ಓಡ್ಸಿದ್ರೆ ಬೀಳೋದಿಲ್ಲ."

ಬೀ-ಶಿಯಾಗೆ ಸಿಟ್ಟು ನೆತ್ತಿಗೇರಿತು. "ನಾಯಿಗೆ ಹುಷಾರು ಹೇಳ್ಕೊಟ್ಟಿದೀರಾ ಮೇಡಂ? ಮರಳು ಚೆಲ್ಲೋ ಲಾರಿಗೆ? ಗೌರವ ನಿಮ್ದು, ಚರ್ಮ ನನ್ ಮಗಳದ್ದಾ? ಮುದುಕರ ಮೈ ತೊಳಿಯೋಕೆ ಇವರು ಬೇಕು, ಇವರ ಮೈ ಕಾಯೋಕೆ ಯಾರೂ ಬೇಡ್ವಾ?" ಮೂರು ತುಂಡನ್ನೂ ಮೇಜಿನ ಮೇಲೆ ಹರಡಿದಳು. "ಇದು ನೀವು ಕೊಟ್ಟಿದ್ದು. ನೋಡಿ, ಏನುಳಿದಿದೆ?"

ಬಾಗಿಲಲ್ಲಿ ಪೇ-ರೋಂಗಳ ಜೊತೆ ದುಡಿಯುವ ಹುಡುಗಿಯರು ಗುಂಪು ಕೂಡಿದ್ದರು. ಅವರಲ್ಲಿ ಹಿರಿಯಳಾದ ಹೂಯಿ-ಚೂ ಒಳಗೆ ಬಂದು ಪ್ಯಾಂಟಿನ ಅಂಚನ್ನು ಮೇಲಕ್ಕೆಳೆದಳು. ಮಂಡಿಯ ಸುತ್ತ ಸುಟ್ಟ ಹಾಗೆ ಹೊಳೆಯುವ ಹಳೇ ಗಾಯದ ಗುರುತು. ಇನ್ನೊಬ್ಬಳು ತೋಳು ತೋರಿಸಿದಳು. ಖೋ ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ರಸ್ತೆ ಮೇಲೆ ಯಾವ್ದು ಬೇಕಾದ್ರೂ ಹಾಕ್ಕೊಳ್ಳಿ. ಮನೆ ಒಳಗೆ ಹೋದ್ಮೇಲೆ ಸಮವಸ್ತ್ರಕ್ಕೆ ಬದಲಾಯಿಸ್ಕೊಳ್ಳಿ" ಎಂದರು ಕೊನೆಗೆ. "ಕೊಡ್ಸೋದರ ಬಗ್ಗೆ ಮೇಲಿನವರನ್ನ ಕೇಳ್ತೀನಿ."

ಮೇಲಿನವರು ಇನ್ನೂ ಉತ್ತರ ಕೊಟ್ಟಿಲ್ಲ. ಬೀ-ಶಿಯಾ ಇನ್ನೂ ಕೇಳುವುದನ್ನು ಬಿಟ್ಟಿಲ್ಲ.

ಗಾಯ ಮಾಗಿ ಪೇ-ರೋಂಗ್ ಮತ್ತೆ ಗಾಡಿ ಹತ್ತಿದಳು. ಅಪ್ಪನೇ ಅಂಗಡಿಗೆ ಕರೆದುಕೊಂಡು ಹೋಗಿ, ಅಲ್ಲಿ ನಿಂತಿದ್ದ ಸ್ಕೂಟರಿನ ಮೇಲೆ ಅವಳನ್ನು ಕೂರಿಸಿ, ಮಂಡಿಯ ಮೆತ್ತೆಯನ್ನು ತನ್ನ ಕೈಯಿಂದ ಒತ್ತಿ ನೋಡಿ ಜೀನ್ಸ್ ಕೊಡಿಸಿದ್ದ. ಹೂಯಿ-ಚೂ ಕೂಡ ಗೊಣಗುತ್ತಲೇ ಒಂದು ಕೊಂಡಳು. "ಇದನ್ನ ಹಾಕ್ಕೊಂಡ್ರೆ ಹಬೆಯಲ್ಲಿ ಬೇಯಿಸಿದ ಕಡುಬು ಆಗ್ತೀನಿ" ಎಂದು ದಿನಾ ಬೈಯುತ್ತಿದ್ದಳು.

ಮಳೆಗಾಲದಲ್ಲೊಂದು ಮಧ್ಯಾಹ್ನ ಮೀನು ಮಾರುಕಟ್ಟೆಯ ಎದುರು, ಬೀ-ಶಿಯಾಳ ಕಣ್ಣೆದುರೇ, ಹೂಯಿ-ಚೂಳ ಸ್ಕೂಟರ್ ಒದ್ದೆ ರಸ್ತೆಯಲ್ಲಿ ಮಲಗಿತು. ಅವಳು ಪಕ್ಕಕ್ಕೆ ಬಿದ್ದು ಜಾರಿಕೊಂಡು ಹೋದಳು. ಬೀ-ಶಿಯಾ ಕತ್ತಿ ಬಿಸಾಡಿ ಓಡಿದಳು.

ಹೂಯಿ-ಚೂ ತಾನೇ ಎದ್ದು ಕೂತಳು. ಜೀನ್ಸಿನ ಮಂಡಿ ಬೆಳ್ಳಗೆ ಸವೆದಿತ್ತು. ಕೈ ಹಾಕಿ ನೋಡಿದಳು. ತೂತಿಲ್ಲ. ರಕ್ತವಿಲ್ಲ.

"ನೋವಾಯ್ತಾ?"

"ಊದ್ಕೊಳ್ಳುತ್ತೆ ಅನ್ಸುತ್ತೆ ಅಕ್ಕಾ." ನಗಲು ನೋಡಿದಳು. "ಹೊಸಾ ಜೀನ್ಸು ಹಾಳಾಯ್ತಲ್ಲ!"

"ಹಾಳಾಗ್ಲಿ ಬಿಡೇ! ಅದು ಹಾಳಾಗೋಕೇ ಇರೋದು. ಒಂದ್ಸಲ ಬಿದ್ಮೇಲೆ ಬೇರೆ ತಗೋಬೇಕು. ನಿನ್ ಮಂಡಿ ಬೇರೆ ತಗೋಳ್ಳೋಕಾಗುತ್ತಾ?" ಎಂದು ಬೈಯುತ್ತಲೇ ಬೀ-ಶಿಯಾ ಅವಳನ್ನು ತಬ್ಬಿಕೊಂಡಳು. ಆಮೇಲೆ, ಸುತ್ತ ನಿಂತು ನೋಡುತ್ತಿದ್ದ ಚಡ್ಡಿ ಚಪ್ಪಲಿಯ ಸ್ಕೂಟರ್ ಸವಾರರ ಕಡೆ ತಿರುಗಿ, ಒಬ್ಬೊಬ್ಬರನ್ನೂ ಸರಿಯಾಗಿ ತರಾಟೆಗೆ ತೆಗೆದುಕೊಂಡಳು.

ಓದುವವರೇ, ಕೇಳುವವರೇ, ನೀವೂ ಗಾಡಿ ಓಡಿಸುತ್ತೀರಿ. ಹೆಲ್ಮೆಟ್ ಹಾಕಿದಿರಿ, ಒಳ್ಳೆಯದು. ಕಾಲಿಗೇನಿದೆ? ಬೈಕ್ ಸವಾರಿಗೆಂದೇ ಮಾಡಿದ ಗಟ್ಟಿ ಜೀನ್ಸ್ ಕೊಳ್ಳಿ. ಒಳಗಿನ ಚೀಟಿ ಓದಿ, ಕೂತು ನೋಡಿ, ಮೆತ್ತೆ ಮಂಡಿಯ ಮೇಲಿದೆಯೇ ನೋಡಿ. ಹೋಗುವ ಜಾಗ ಹತ್ತಿರವೇ ಇದೆ ಎಂದು ಅದನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ, ಪೇ-ರೋಂಗ್ ಬಿದ್ದದ್ದು ಮನೆಯಿಂದ ಕೂಗಳತೆಯಲ್ಲಿ. ನಿಮ್ಮ ಕೈಕೆಳಗೆ ಗಾಡಿಯಲ್ಲಿ ಓಡಾಡಿ ದುಡಿಯುವವರಿದ್ದರೆ, ಅವರ ಕಾಲೂ ನಿಮ್ಮ ಹೊಣೆ. ಕೊಡದವರಿದ್ದರೆ ಸುಮ್ಮನಿರಬೇಡಿ. ಕೇಳಿ. ಗಟ್ಟಿಯಾಗಿ ಕೇಳಿ.