ನಡುಸಾಲಿನವರು

"ಮೇಷ್ಟ್ರು ಯಾವ ಪಕ್ಷದ ಸದಸ್ಯರೂ ಆಗಿರಲಿಲ್ಲ, ನಿಜ. ಆದರೆ ಮನಸ್ಸಿನೊಳಗೆ ನಮ್ಮವರೇ ಆಗಿದ್ದರು," ಎಂದು ಭಾಷಣಕಾರ ಎದೆ ಮುಟ್ಟಿಕೊಂಡಾಗ ವಕೀಲೆಗೆ ನಗು ಬಂತು. ಸಂತಾಪಸಭೆಯಲ್ಲಿ ನಗಬಾರದೆಂದು ಕರವಸ್ತ್ರದಿಂದ ಬಾಯಿ ಒತ್ತಿಕೊಂಡಳು. ಅವನಿಗೂ ಮುಂಚೆ ಮಾತಾಡಿದ್ದ ಎದುರುಪಕ್ಷದವನು ಇದೇ ಮಾತು ಹೇಳಿ ಇಳಿದಿದ್ದ. ಬದುಕಿದ್ದಾಗ ಎರಡೂ ಕಡೆಯವರಿಂದ ಎಡಬಿಡಂಗಿ ಅನ್ನಿಸಿಕೊಂಡವನು, ಸತ್ತ ಮೇಲೆ ಇಬ್ಬರಿಗೂ ಬೇಕಾದವನಾಗಿದ್ದ.

ಪಕ್ಕದಲ್ಲಿದ್ದ ಮೇಷ್ಟ್ರ ಹೆಂಡತಿಗೆ ನಗು ಬರುವ ಹಾಗಿರಲಿಲ್ಲ. "ಅಕ್ಕ, ಈಗ ಮಾತಾಡ್ತಿರೋ ಪಕ್ಷದೋರು ನಮ್ಮನೆಯವರ ಹೆಸರಲ್ಲಿ ಭವನ ಕಟ್ಟಿಸ್ತಾರಂತೆ. ಬೇಡ ಅನ್ನೋಕೆ ಬಾಯಿ ಬರ್ತಿಲ್ಲ. ಹ್ಞೂಂ ಅಂದ್ರೆ ಅವರು ಏನಂದ್ಕೋತಿದ್ರೋ," ಎಂದು ಪಿಸುಗುಟ್ಟಿದಳು.

ವೇದಿಕೆಯ ಮೇಲೆ ಆ ಪಕ್ಷದ ಅಧ್ಯಕ್ಷರು, ಅವರ ಮಗ್ಗುಲಲ್ಲಿ ಮಾಜಿ ಮಂತ್ರಿ. ಹೋದ ಚುನಾವಣೆಯಲ್ಲಿ ಸೋತಿದ್ದ ಅವನು ಮುಂದಿನ ಟಿಕೆಟ್ಟಿಗಾಗಿ ಅಧ್ಯಕ್ಷರ ಬೆನ್ನು ಬಿದ್ದಿದ್ದಾನೆಂದು ಊರಿಗೆಲ್ಲ ಗೊತ್ತಿತ್ತು. ವಕೀಲೆಗೆ ಮಾತ್ರ ಅವನು ಈಗಲೂ ಉದ್ದಣ್ಣನೇ.

ಓದುವ ಕಾಲದಲ್ಲಿ ಅವಳು, ಉದ್ದಣ್ಣ, ಮೇಷ್ಟ್ರು ಮೂವರೂ ರಾಷ್ಟ್ರೀಯ ವಿದ್ಯಾರ್ಥಿ ಒಕ್ಕೂಟದ ಸಮ್ಮೇಳನಕ್ಕೆ ಒಟ್ಟಿಗೇ ರೈಲು ಹತ್ತಿದ್ದರು. ಸಭಾಂಗಣದ ಕಿಟಕಿ ಕಡೆ ಒಂದು ಪಕ್ಷದ ಹುಡುಗರು, ಬಾಗಿಲ ಕಡೆ ಇನ್ನೊಂದು ಪಕ್ಷದವರು. ಅವರಿಗೆ ಬಾವುಟ, ಘೋಷಣೆ, ಊಟದ ಕೂಪನ್ನು ಎಲ್ಲ ಇತ್ತು. ನಡುಸಾಲಿನಲ್ಲಿ ಈ ಮೂವರ ಜೊತೆ ಯಾರಿಗೂ ಸೇರದ ಒಂದಷ್ಟು ಜನ. ಕವಿತೆ ಗೀಚುವವನೊಬ್ಬ, ಪಶುವೈದ್ಯಕೀಯ ಓದುತ್ತಿದ್ದವಳೊಬ್ಬಳು, ತಾನು ಮಂಡಿಸಿದ ಠರಾವಿಗೂ ಆಕ್ಷೇಪ ಎತ್ತುವ ಸಣಕಲನೊಬ್ಬ. ಇವರನ್ನೆಲ್ಲ ಒಂದು ಮಾತಿಗೆ ತರುವುದೆಂದರೆ ಕಪ್ಪೆ ತೂಗಿದ ಹಾಗೆ. ಒಂದನ್ನು ಹಿಡಿದು ಕೂರಿಸುವಷ್ಟರಲ್ಲಿ ಇನ್ನೊಂದು ಹಾರುತ್ತಿತ್ತು. ಬೇಸರವಿಲ್ಲದೆ ಆ ಕೆಲಸ ಮಾಡುತ್ತಿದ್ದವನಿಗೆ ತಕ್ಕಡಿ ಎಂದೇ ಹೆಸರು ಬಿತ್ತು. ಮುಂದೆ ಮೇಷ್ಟ್ರಾದವನು ಅವನೇ.

ಯಾವುದೋ ದೂರದೇಶದ ಯುದ್ಧವನ್ನು ಯಾವ ಪದಗಳಲ್ಲಿ ಖಂಡಿಸಬೇಕೆಂದು ಎರಡೂ ಪಕ್ಷದವರು ಬೆಳಗಿನಿಂದ ಕಿತ್ತಾಡುತ್ತಿದ್ದಾಗ ತಕ್ಕಡಿ ಎದ್ದು, ಗ್ರಂಥಾಲಯಗಳು ಭಾನುವಾರವೂ ತೆರೆದಿರಬೇಕು ಎಂಬ ಠರಾವು ಮಂಡಿಸಿದ. ಸಭೆ ಗೊಳ್ಳೆಂದು ನಕ್ಕಿತು.

"ಒಂದಿನ ಆದ್ರೂ ನಿದ್ದೆ ಮಾಡೋಕೆ ಬಿಡು ಸ್ವಾಮಿ," ಎಂದರು ಯಾರೋ.

"ವಾರವೆಲ್ಲ ದುಡಿದು ಓದೋರೂ ನಮ್ಮಲ್ಲಿದ್ದಾರೆ. ಅವರಿಗೆ ಸಿಗೋದು ಅದೊಂದೇ ದಿನ," ಎಂದ ತಕ್ಕಡಿ.

ನಗು ನಿಂತಿತು. ಠರಾವೇನೋ ಬಿದ್ದುಹೋಯಿತು. ಆದರೂ ಆ ಸಂಜೆ ನಡುಸಾಲಿನವರೆಲ್ಲ ಸಭಾಂಗಣದ ಮೆಟ್ಟಿಲ ಮೇಲೆ ಕೂತು, ಗೆದ್ದವರ ಹಾಗೆ ಗಂಟಲು ಬಿಚ್ಚಿ ಹಾಡಿದ್ದರು. ಅಂಥ ಸೋಲು ಆಮೇಲೆ ವಕೀಲೆಯ ಬದುಕಿನಲ್ಲಿ ಮತ್ತೆ ಬರಲಿಲ್ಲ.

ಮರುದಿನ ಉದ್ದಣ್ಣ ಕಿಟಕಿ ಕಡೆ ಹೋಗಿ ಕೂತ. ಕಾರ್ಯದರ್ಶಿ ಮಾಡುತ್ತೇವೆಂದು ಕರೆದಿದ್ದರು. "ಸೋತು ಹಾಡೋದನ್ನೇ ಎಷ್ಟು ದಿನ ಮಾಡೋಣ ಹೇಳು?" ಎಂದು ಕೇಳಿದ. ಅವಳು ಮುಖ ತಿರುಗಿಸಿದಳು. ಅವನೊಂದಿಗೆ ಅವತ್ತು ಬಿಟ್ಟ ಮಾತು ಬಿಟ್ಟೇ ಹೋಯಿತು. ತಕ್ಕಡಿ ಮಾತ್ರ, "ಹೋಗಲಿ ಬಿಡೇ. ಅವನ ಕಾಲು ಉದ್ದ, ನಮ್ಮ ಸಾಲಲ್ಲಿ ಜಾಗ ಸಾಲ್ತಿರಲಿಲ್ಲ," ಎಂದು ನಕ್ಕಿದ್ದ.

ಈಗ ಆ ಉದ್ದ ಕಾಲುಗಳು ನಿಧಾನವಾಗಿ ಮೈಕಿನ ಕಡೆ ಬಂದವು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದರಲ್ಲಿ ಮಾಜಿ ಮಂತ್ರಿ ಪಳಗಿದವನು. ಅಂಥವೇ ನಾಲ್ಕು ಮಾತು ಹೇಳಿ ಇಳಿಯುತ್ತಾನೆ ಎಂದುಕೊಂಡಳು ವಕೀಲೆ.

"ಅವನು ನಮ್ಮವನಲ್ಲ," ಎಂದ ಅವನು.

ಅಧ್ಯಕ್ಷರು ತಲೆ ಎತ್ತಿದರು.

"ಪಕ್ಷಕ್ಕೆ ಬಾ ಅಂತ ಕರೆಯೋಕೆ ನಾನೇ ಅವನ ಮನೆಗೆ ಹೋಗಿದ್ದೆ. ಮಂತ್ರಿಯಾಗಿದ್ದಾಗಲೂ ಹೋಗಿದ್ದೆ. ಮೊದಲು ಆ ಪಕ್ಷದ ಬಿಲ್ಲೆ ಬಿಚ್ಚಿ ಜೇಬಲ್ಲಿಟ್ಕೋ, ಆಮೇಲೆ ಟೀ ಕುಡಿ ಅಂದ. ಬಿಚ್ಚಿದೆ, ಕುಡಿದೆ. ಟೀ ಕೊಟ್ಟ ತಾಯಿ ಇಲ್ಲೇ ಇದ್ದಾರೆ." ಅವನು ಮೇಷ್ಟ್ರ ಹೆಂಡತಿಯ ಕಡೆ ಕೈ ಮುಗಿದ. "ಬದುಕಿದ್ದಾಗ ಬರಲ್ಲ ಅಂದವನನ್ನ ಈಗ ಎಳ್ಕೊಂಡು ಬರೋದು ಬೇಡ. ಅವನ ಹೆಸರು ಅವನ ಮನೆಯವರದು."

ಮೇಷ್ಟ್ರ ಹೆಂಡತಿ ವಕೀಲೆಯ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡಳು. ಅಧ್ಯಕ್ಷರು ಎದ್ದು ಹೊರಟರು. ಅವರ ಹಿಂದೆ ಸಭೆಯ ಅರ್ಧ ಕುರ್ಚಿಗಳು ಖಾಲಿಯಾದವು.

ವಕೀಲೆ ಹೊರಗೆ ಬಂದಾಗ ಮಾಜಿ ಮಂತ್ರಿ ಗೇಟಿನ ಹತ್ತಿರ ಒಬ್ಬನೇ ನಿಂತಿದ್ದ. ಅವನನ್ನು ಕರೆತಂದಿದ್ದ ಪಕ್ಷದ ಕಾರು ಹೋಗಿಯಾಗಿತ್ತು.

"ಉದ್ದಣ್ಣ," ಎಂದಳು. ಹೆಸರು ನಾಲಿಗೆಗೆ ಇನ್ನೂ ಸಲೀಸಾಗಿ ಬಂತು. "ಬಸ್ಸಿಗೆ ಹೋಗೋಣ ಬಾ."

"ಬಸ್ಸು ಹತ್ತಿ ಯಾವ ಕಾಲ ಆಯ್ತೋ ಕಣೇ."

"ಏನೂ ಬದಲಾಗಿಲ್ಲ. ತಲೆ ಬಗ್ಗಿಸಿ ಹತ್ತು, ಅಷ್ಟೇ."

ಕಂಡಕ್ಟರ್ ಬಂದು, "ಟಿಕೆಟ್ ಯಾರು?" ಎಂದಾಗ ಉದ್ದಣ್ಣ ಅವಳ ಮುಖ ನೋಡಿದ. ಇಬ್ಬರಿಗೂ ನಗು ಉಕ್ಕಿ ಬಂತು. "ನಂದಂತೂ ಇವತ್ತು ಹೋಯ್ತು," ಎಂದ ಅವನು, ಕಣ್ಣೊರೆಸಿಕೊಳ್ಳುತ್ತ. ಅವಳೇ ಇಬ್ಬರಿಗೂ ತೆಗೆದುಕೊಂಡಳು.

ಅವನು ಆ ಸಣಕಲನ ಬಗ್ಗೆ ಕೇಳಿದ, ಪಶುವೈದ್ಯೆಯ ಬಗ್ಗೆ ಕೇಳಿದ. ಅವಳು ತನಗೆ ಗೊತ್ತಿದ್ದಷ್ಟು ಹೇಳುತ್ತಾ ಹೋದಳು. ಹೇಳುತ್ತಿದ್ದಂತೆ ಅವನ ತಲೆ ವಾಲಿ ಅವಳ ಹೆಗಲಿಗೆ ತಾಗಿತು, ನಿದ್ದೆ ಹತ್ತಿತ್ತು. ಕನ್ನಡಕ ಮೂಗಿನ ತುದಿಗೆ ಜಾರಿತ್ತು.

ಬಸ್ಸು ಅವಳ ಬೀದಿಯ ತಿರುವಿನಲ್ಲಿ ನಿಂತಿತು. ಬೇಕರಿಯವನು ಆಗಷ್ಟೇ ದೀಪ ಹಚ್ಚುತ್ತಿದ್ದ. ಇಳಿಯುವವರು ಇಳಿದರು. ವಕೀಲೆ ಅವನ ಕನ್ನಡಕವನ್ನು ಮೆಲ್ಲಗೆ ತೆಗೆದು ಮಡಿಲಲ್ಲಿಟ್ಟುಕೊಂಡು, ಹೆಗಲು ಅಲುಗದ ಹಾಗೆ ಕೂತಿದ್ದಳು. ಬಸ್ಸು ಮುಂದಕ್ಕೆ ಹೊರಟಿತು.